ಬಸವನಹುಳುವಿನ ಕಾಯಕ

ಕಾಯಕವೆಂಬ ಪದವನ್ನು ಮಠದ ವೇದಿಕೆಗಳಿಂದ ನಾವು ಎಷ್ಟು ಬಾರಿ ಉಚ್ಚರಿಸಿದ್ದೇವೆಯೋ ಲೆಕ್ಕವಿಲ್ಲ. ನೇಯುವವನ, ಹೊಲಿಯುವವನ, ದೋಣಿ ನಡೆಸುವವನ ಕಾಯಕಗಳನ್ನು ಕುರಿತು ಗಂಟೆಗಟ್ಟಲೆ ಪ್ರವಚನ ಮಾಡಿದ್ದೇವೆ. ಆದರೆ ಕೆರೆಯ ಕೆಸರಿನಲ್ಲಿ ಮೊಣಕಾಲುದ್ದ ಇಳಿದು, ಜರಡಿಯಲ್ಲಿ ಹೂಳನ್ನು ಸೋಸಿ, ಅಂಗೈಯಲ್ಲಿ ಉಳಿದ ಕಡಲೆಕಾಳಿನಷ್ಟು ಚಿಪ್ಪನ್ನು ಭೂತಗನ್ನಡಿಯಿಂದ ನೋಡುತ್ತ ಮೂವತ್ತು ವರ್ಷ ಕಳೆಯುವವನದೂ ಕಾಯಕವೇ ಎಂಬುದು ನಮಗೆ ಬಹುಕಾಲ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ನಮ್ಮ ಕೈಯಿಂದಲೇ ಒಂದು ಅಪಚಾರ ನಡೆದುಹೋಗಿತ್ತು. ಅದನ್ನು ಮುಚ್ಚಿಡದೆ ಹೇಳಿದರೆ ಸದ್ಭಕ್ತರಿಗೂ ಮಠದ ಹಳೆಯ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂಬ ಭಾವನೆಯಿಂದ ಈ ಬರಹ.

ಕನ್ನಡದ ಹಳ್ಳಿಗರು ಈ ಜೀವಿಗೆ ಬಸವನಹುಳುವೆಂದು ಹೆಸರಿಟ್ಟಿದ್ದಾರೆ. ಬೆನ್ನ ಮೇಲೆ ಗೂಡನ್ನು ಹೊತ್ತು, ತಲೆಯಿಂದ ಎರಡು ಕೊಂಬುಗಳನ್ನು ಚಾಚಿ, ಅವಸರವಿಲ್ಲದೆ ನಡೆಯುವ ಅದನ್ನು ಕಂಡಾಗ ರೈತನಿಗೆ ಎತ್ತು ನೆನಪಾದದ್ದು ಸಹಜ. ಎರಡು ಚಿಪ್ಪುಗಳನ್ನು ಪುಸ್ತಕದಂತೆ ಮುಚ್ಚಿಕೊಂಡು ಕೆಸರಿನಲ್ಲಿ ಅರ್ಧ ಹುದುಗಿ ಕೂರುವ ಅದರ ಬಂಧುವನ್ನು ಕಪ್ಪೆಚಿಪ್ಪು ಎನ್ನುತ್ತೇವೆ. ಎರಡನ್ನೂ ಸೇರಿಸಿ ವಿಜ್ಞಾನದ ಪುಸ್ತಕಗಳು ಮೃದ್ವಂಗಿಗಳೆನ್ನುತ್ತವೆ. ಮೃದುವಾದ ಅಂಗವುಳ್ಳವು ಎಂದರ್ಥ. ಸಮುದ್ರದ ಶಂಖವೂ ಇದೇ ಕುಲಕ್ಕೆ ಸೇರಿದ್ದು. ಶಂಖಕ್ಕೆ ದೇವಾಲಯದಲ್ಲಿ ಸ್ಥಾನ ದೊರೆಯಿತು, ಮುತ್ತಿನ ಚಿಪ್ಪಿಗೆ ಕಾವ್ಯದಲ್ಲಿ ಸ್ಥಾನ ದೊರೆಯಿತು. ಸಿಹಿನೀರಿನ ಬಸವನಹುಳುವಿಗೂ ಕಪ್ಪೆಚಿಪ್ಪಿಗೂ ದೊರೆತದ್ದು ಬಡವರ ಅಡಿಗೆಮನೆ ಮತ್ತು ಸುಣ್ಣ ಸುಡುವ ಗೂಡು ಮಾತ್ರ.

೧೯೯೦ರ ದಶಕದ ಆರಂಭ. ನಾವು ಆಗ ಮರಿದೇವರಾಗಿದ್ದು, ಸಂಸ್ಕೃತಾಭ್ಯಾಸದ ಜೊತೆಗೆ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೂ ಓದುತ್ತಿದ್ದೆವು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ, ಶಿವಾಜಿನಗರದಿಂದ ನಡೆದು ಹೋಗುವಷ್ಟು ದೂರದ ವಿದ್ಯಾರ್ಥಿನಿಲಯವೊಂದರಲ್ಲಿ ನಮ್ಮ ವಾಸ. ಪಕ್ಕದ ಕೋಣೆಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ಒಬ್ಬ ತರುಣನಿದ್ದ. ರೈತಾಪಿ ಮನೆತನದವನು, ನಮ್ಮ ಮಠದ ಪ್ರಸಾದನಿಲಯದಲ್ಲಿಯೇ ಪ್ರೌಢಶಾಲೆ ಮುಗಿಸಿ ಬಂದವನು. ಪೈಲಾ ಎಂಬ ಕೆರೆಯ ಬಸವನಹುಳುವನ್ನು ಕೊಯ್ದು ಅದರ ನರಮಂಡಲವನ್ನು ಬಿಡಿಸಿ ತೋರಿಸುವುದು ಆ ಕಾಲದ ಪ್ರಾಯೋಗಿಕ ಪರೀಕ್ಷೆಯ ಒಂದು ಭಾಗ. ಅಭ್ಯಾಸಕ್ಕೆಂದು ಆತ ಹಲಸೂರು ಕೆರೆಯಂಚಿನಿಂದ ಐದಾರು ಹುಳುಗಳನ್ನು ತಂದು ಬಕೀಟಿನಲ್ಲಿ ಇಟ್ಟುಕೊಂಡಿದ್ದ. ಒಂದು ಸಂಜೆ ಆತ ಮೇಣದ ತಟ್ಟೆಯ ಮೇಲೆ ಹುಳುವೊಂದನ್ನು ಕೊಯ್ಯುತ್ತಿದ್ದುದನ್ನು ನಾವು ಕಿಟಕಿಯಿಂದ ಕಂಡೆವು.

ನಮಗೆ ಅಸಹ್ಯವಾಯಿತು, ಕೋಪವೂ ಬಂತು. ಲಿಂಗಧಾರಿಯಾದವನು ಜೀವಹಿಂಸೆ ಮಾಡುತ್ತಿದ್ದಾನೆಂದು ನಿಲಯಪಾಲಕರಲ್ಲಿ ದೂರಿದೆವು. ಅಷ್ಟಕ್ಕೇ ನಿಲ್ಲದೆ, ಆತ ಪ್ರಸಾದದ ಪಂಕ್ತಿಯಲ್ಲಿ ಕುಳಿತರೆ ತಾವು ಕೂರುವುದಿಲ್ಲವೆಂದೆವು. ಆತ ವಾದಿಸಲಿಲ್ಲ. ಪರೀಕ್ಷೆ ಮುಗಿಯುವವರೆಗೆ, ಸುಮಾರು ಒಂದು ವಾರ ಕಾಲ, ಎಲ್ಲರೂ ಉಂಡೆದ್ದ ಮೇಲೆ ಒಬ್ಬನೇ ಕುಳಿತು ಉಂಡ. ಪಂಕ್ತಿಭೇದವನ್ನು ಅಳಿಸಿದ ಶರಣರ ಪರಂಪರೆಯಲ್ಲಿ ಬೆಳೆದ ನಾವು ಪಂಕ್ತಿಭೇದ ಮಾಡುತ್ತಿದ್ದೇವೆಂಬ ಅರಿವು ಆ ಒಂದು ವಾರವೂ ನಮಗೆ ಮೂಡಲಿಲ್ಲ. ಅಹಿಂಸೆಯನ್ನು ರಕ್ಷಿಸಿದ ತೃಪ್ತಿಯೇ ಮನಸ್ಸಿನಲ್ಲಿ ತುಂಬಿತ್ತು.

ವರ್ಷಗಳು ಕಳೆದವು. ಆತ ಪ್ರಾಣಿಶಾಸ್ತ್ರದ ಅಧ್ಯಾಪಕನಾದ. ನಮಗೆ ಮಠದ ಹೊಣೆ ಬಂತು. ಕೃಷ್ಣರಾಜಪುರದಾಚೆಗೆ ನಮ್ಮದೊಂದು ಸಣ್ಣ ಶಾಖಾಮಠವಿದೆ. ಅದರ ಹಿಂಭಾಗದಲ್ಲಿ ಹಳೆಯ ಕಾಲದ ಕಲ್ಯಾಣಿ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ತಳದಲ್ಲಿ ಸೊಂಟದೆತ್ತರದ ಹೂಳು. ಮೇಲಿನ ಕೆರೆ ಕೋಡಿ ಬಿದ್ದಾಗ ಕಾಲುವೆಯಿಂದ ಇದಕ್ಕೆ ನೀರು ಬರುತ್ತಿತ್ತು. ಬಡಾವಣೆಗಳು ಎದ್ದ ಮೇಲೆ ಆ ಕಾಲುವೆ ಅಳಿಸಿಹೋಯಿತು. ೨೦೦೮ರಲ್ಲಿ, ಶಿವರಾತ್ರಿಗೆ ಮುನ್ನ, ಈ ಕಲ್ಯಾಣಿಯನ್ನು ಶುದ್ಧಿಗೊಳಿಸಬೇಕೆಂದು ನಾವು ಸಂಕಲ್ಪಿಸಿದೆವು. ಭಕ್ತರು ಉದಾರವಾಗಿ ನೆರವಾದರು. ಪಂಪು ಹಚ್ಚಿ ನೀರು ಬಸಿದು, ಹೂಳನ್ನು ಲಾರಿಗಳಲ್ಲಿ ಸಾಗಿಸಿ, ಕಲ್ಲುಗಳ ಸಂದಿಗೆ ಸಿಮೆಂಟು ತುಂಬಿ, ಬ್ಲೀಚಿಂಗ್ ಪುಡಿ ಎರಚಿ ತೊಳೆದು, ಕೊಳವೆಬಾವಿಯ ನೀರನ್ನು ತುಂಬಿಸಿದರು. ಶಿವರಾತ್ರಿಯ ಜಾಗರಣೆಯಂದು ದೀಪಗಳ ಬೆಳಕಿನಲ್ಲಿ ತಳದ ಕಲ್ಲೂ ಕಾಣುವಂತಿದ್ದ ಆ ನೀರನ್ನು ಕಂಡು ಎಲ್ಲರೂ ಕೊಂಡಾಡಿದರು.

ಬೇಸಿಗೆ ಮುಗಿಯುವ ಮುನ್ನವೇ ನೀರು ಹಸುರಾಯಿತು. ಪಾಚಿ ಮೆಟ್ಟಿಲುಗಳನ್ನೇರಿತು, ವಾಸನೆ ಹುಟ್ಟಿತು, ಸಂಜೆಯಾದರೆ ಸೊಳ್ಳೆಗಳ ಹಿಂಡು. ಆ ದಿನಗಳಲ್ಲಿ ನಮ್ಮ ಹಳೆಯ ಪಕ್ಕದ ಕೋಣೆಯ ಗೆಳೆಯ, ಈಗಿನ ಮೇಷ್ಟ್ರು, ಸಂಸಾರಸಮೇತ ದರ್ಶನಕ್ಕೆ ಬಂದರು. ಪ್ರಸಾದವಾದ ಮೇಲೆ ಕಲ್ಯಾಣಿಯತ್ತ ಕರೆದೊಯ್ದು ನಮ್ಮ ಕಷ್ಟವನ್ನು ಹೇಳಿದೆವು. ಅವರ ದೃಷ್ಟಿ ನೀರಿನ ಕಡೆ ಇರಲಿಲ್ಲ. ಹೊರಗೋಡೆಯ ಬದಿಗೆ ಉಳಿದಿದ್ದ ಹೂಳಿನ ಗುಡ್ಡೆಯ ಬಳಿ ಕುಕ್ಕುರುಗಾಲಲ್ಲಿ ಕುಳಿತು ಕೈಯಿಂದ ಕೆದಕಿದರು. ಒಂದೊಂದಾಗಿ ಚಿಪ್ಪುಗಳನ್ನು ಎತ್ತಿ ಸಾಲಾಗಿ ಇಟ್ಟರು. ಅಂಗೈಯಗಲದ ಕಪ್ಪೆಚಿಪ್ಪುಗಳು, ನಿಂಬೆಹಣ್ಣಿನ ಗಾತ್ರದ ಬಸವನಹುಳುಗಳು, ಗಿಣ್ಣುಗೋಲಿನಂತೆ ಚೂಪಾದ ಸಣ್ಣವು. ಎಣಿಸುತ್ತ ಹೋದವರು ಇನ್ನೂರರ ಬಳಿ ನಿಲ್ಲಿಸಿದರು. ಲಾರಿಗಳಲ್ಲಿ ಹೋದುದೆಷ್ಟೆಂದು ಕೇಳಿದರು. ಇಪ್ಪತ್ತೆರಡು ಲಾರಿ ಎಂದೆವು.

"ಬುದ್ಧಿ, ಇವರೇ ನಿಮ್ಮ ಕಲ್ಯಾಣಿಯನ್ನು ತೊಳೆಯುತ್ತಿದ್ದವರು" ಎಂದರು ಮೇಷ್ಟ್ರು. ಹಳೆಯದನ್ನು ಅವರು ನೆನಪಿಸಲಿಲ್ಲ. ಆದರೆ ವಿದ್ಯಾರ್ಥಿನಿಲಯದ ಆ ಸಂಜೆ ನಮ್ಮ ಕಣ್ಣ ಮುಂದೆ ಬಂದು ನಿಂತಿತು. ಒಂದು ಹುಳುವನ್ನು ಅರಿಯುವುದಕ್ಕಾಗಿ ಕೊಯ್ದವನನ್ನು ನಾವು ಪಂಕ್ತಿಯಿಂದ ಹೊರಗಿಟ್ಟೆವು. ಸಾವಿರಾರನ್ನು ಅರಿಯದೆಯೇ ಕೊಂದ ನಮಗೆ ಭಕ್ತರು ಶಾಲು ಹೊದಿಸಿದ್ದರು.

ಅಂದು ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಅವರು ತಿಳಿಸಿದ ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ. ನಮ್ಮ ಕೆರೆಗಳ ದೊಡ್ಡ ಕಪ್ಪೆಚಿಪ್ಪಿಗೆ ಲ್ಯಾಮೆಲ್ಲಿಡೆನ್ಸ್ ಎಂದು ಶಾಸ್ತ್ರೀಯ ನಾಮ. ಅದು ಕೆಸರಿನಲ್ಲಿ ಹುದುಗಿಕೊಂಡು, ಒಂದು ನಾಳದಿಂದ ನೀರನ್ನು ಒಳಕ್ಕೆ ಸೆಳೆದು, ಕಿವಿರುಗಳಲ್ಲಿ ಅದನ್ನು ಸೋಸಿ, ಪಾಚಿಯ ಕಣಗಳನ್ನೂ ಕೊಳೆತ ಪದಾರ್ಥದ ಸೂಕ್ಷ್ಮ ಚೂರುಗಳನ್ನೂ ಉಂಡು, ತಿಳಿಯಾದ ನೀರನ್ನು ಇನ್ನೊಂದು ನಾಳದಿಂದ ಹೊರಕ್ಕೆ ಬಿಡುತ್ತದೆ. ಬೆಳೆದ ಚಿಪ್ಪೊಂದು ದಿನಕ್ಕೆ ಹತ್ತಾರು ಲೀಟರು ನೀರನ್ನು ಹೀಗೆ ಸೋಸಬಲ್ಲದು. ಬಸವನಹುಳುಗಳಾದರೋ ಕಲ್ಲಿಗೆ ಅಂಟಿದ ಪಾಚಿಯನ್ನು ಗರಗಸದಂತಹ ನಾಲಗೆಯಿಂದ ಕೆರೆದು ತಿನ್ನುತ್ತವೆ, ಕೊಳೆತ ಎಲೆಯನ್ನು ಅರಗಿಸಿ ಕೆಸರಿಗೆ ಮರಳಿಸುತ್ತವೆ. ಕೂಲಿಯಿಲ್ಲದೆ, ಸದ್ದಿಲ್ಲದೆ ನಡೆಯುವ ಈ ದಾಸೋಹವನ್ನು ನಾವು ಕೊಳೆಯೆಂದು ತಿಳಿದು ಲಾರಿಗೆ ತುಂಬಿದ್ದೆವು.

ಪೈಲಾ ಹುಳುವಿನ ಬಾಳು ಇನ್ನೂ ಸೋಜಿಗದ್ದು. ಅದಕ್ಕೆ ನೀರಿನಲ್ಲಿ ಉಸಿರಾಡಲು ಕಿವಿರೂ ಉಂಟು, ಗಾಳಿಯಲ್ಲಿ ಉಸಿರಾಡಲು ಶ್ವಾಸಕೋಶವೂ ಉಂಟು. ಕೆರೆ ಬತ್ತಿದರೆ ಕೆಸರಿನಾಳಕ್ಕೆ ಇಳಿದು, ಗೂಡಿನ ಬಾಗಿಲಿಗೆ ಗಟ್ಟಿ ಮುಚ್ಚಳ ಹಾಕಿಕೊಂಡು, ಮಳೆ ಬರುವವರೆಗೆ ತಿಂಗಳುಗಟ್ಟಲೆ ನಿರಾಹಾರವಾಗಿ ಮಲಗುತ್ತದೆ. ಮಳೆಗಾಲದಲ್ಲಿ ದಡಕ್ಕೆ ಬಂದು ಹಸಿಮಣ್ಣಿನಲ್ಲಿ ಗುಳಿ ಮಾಡಿ ಬಿಳಿಯ ತತ್ತಿಗಳನ್ನಿಡುತ್ತದೆ. ಆದ್ದರಿಂದ ಅದಕ್ಕೆ ಬರಗಾಲದ ಭಯವಿಲ್ಲ. ಸಿಮೆಂಟಿನ ಭಯ ಉಂಟು. ದಡಕ್ಕೆ ಕಲ್ಲು ಕಟ್ಟಿ ಗಾರೆ ಮೆತ್ತಿದ ಮೇಲೆ ತತ್ತಿಯಿಡಲು ಅದಕ್ಕೆ ಒಂದು ಗೇಣು ಮಣ್ಣೂ ಉಳಿಯುವುದಿಲ್ಲ.

ಕಪ್ಪೆಚಿಪ್ಪಿನ ಸಂತಾನಕ್ಕೆ ಮೀನೇ ಆಧಾರ. ತಾಯಿ ಚಿಪ್ಪು ತನ್ನ ಕಿವಿರುಗಳ ಸಂಚಿಯಲ್ಲಿ ಮರಿಗಳನ್ನು ಹೊತ್ತು, ಕಾಲ ಬಂದಾಗ ನೀರಿಗೆ ಬಿಡುತ್ತದೆ. ಗ್ಲೋಕಿಡಿಯಂ ಎಂದು ಕರೆಯುವ ಈ ಸೂಕ್ಷ್ಮ ಮರಿಗಳು ಹಾದುಹೋಗುವ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲಕಾಲ ಅಲ್ಲಿಯೇ ಬೆಳೆದು, ಬಳಿಕ ಕಳಚಿ ಕೆಸರಿಗೆ ಬೀಳುತ್ತವೆ. ನಡೆಯಲು ಹೆಚ್ಚು ಶಕ್ತಿಯಿಲ್ಲದ ಜೀವಕ್ಕೆ ಮೀನು ತೇರಾಗುತ್ತದೆ. ಮೀನಿಲ್ಲದ ನೀರಿನಲ್ಲಿ ಹಳೆಯ ಚಿಪ್ಪುಗಳು ಕೆಲವು ವರ್ಷ ಬದುಕಿದ್ದರೂ ವಂಶ ಅಲ್ಲಿಗೇ ನಿಲ್ಲುತ್ತದೆ.

"ಇಷ್ಟನ್ನೆಲ್ಲ ಕಂಡುಹಿಡಿದವರು ಯಾರು?" ಎಂದು ಕೇಳಿದೆವು. ಮೇಷ್ಟ್ರು ಮುಂದಿನ ಭೇಟಿಗಳಲ್ಲಿ ಪುಸ್ತಕಗಳನ್ನು ತಂದುಕೊಟ್ಟರು. ಗುರುಪರಂಪರೆಯ ಚರಿತ್ರೆಯನ್ನು ಓದಿ ಬೆಳೆದ ನಮಗೆ ಅಲ್ಲಿಯೂ ಒಂದು ಪರಂಪರೆಯೇ ಕಂಡಿತು.

ಭಾರತದ ಪ್ರಾಣಿ ಸರ್ವೇಕ್ಷಣಾಲಯ ಕಲ್ಕತ್ತೆಯಲ್ಲಿ ೧೯೧೬ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಥಮ ನಿರ್ದೇಶಕರು ಸ್ಕಾಟ್ಲೆಂಡಿನ ನೆಲ್ಸನ್ ಆನಂಡೇಲ್. ಬರ್ಮಾದ ಇನ್ಲೇ ಸರೋವರ, ಜಪಾನಿನ ಬಿವಾ ಸರೋವರ, ಪ್ಯಾಲೆಸ್ಟೈನಿನ ಗಲಿಲೀ ಸರೋವರ, ಹೀಗೆ ನೀರಿನಿಂದ ನೀರಿಗೆ ಅಲೆದು ಅಲ್ಲಿಯ ಕ್ಷುದ್ರಜೀವಿಗಳನ್ನು ಅಭ್ಯಸಿಸಿದ ಅವರು ೧೯೨೪ರಲ್ಲಿ, ನಲವತ್ತೆಂಟು ತುಂಬುವ ಮೊದಲೇ, ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರ ಜೊತೆ ಕೆಲಸ ಮಾಡಿದ ಬೈನಿ ಪ್ರಸಾದರು ಪೈಲಾ ಹುಳುವಿನ ಅಂಗರಚನೆಯನ್ನು ೧೯೨೫ರಲ್ಲಿ ಸಮಗ್ರವಾಗಿ ಪ್ರಕಟಿಸಿದರು; ಮುಂದೆ ಸರ್ವೇಕ್ಷಣಾಲಯದ ನಿರ್ದೇಶಕರೂ ಆದರು. ನಮ್ಮ ಗೆಳೆಯ ಅಂದು ಮೇಣದ ತಟ್ಟೆಯ ಮೇಲೆ ಬಿಡಿಸುತ್ತಿದ್ದ ನರಗಳು ಇವರ ಲೇಖನಿಯಿಂದ ಮೂಡಿದ್ದ ಚಿತ್ರಗಳನ್ನು ಅನುಸರಿಸಿದವು. ಈ ಬೈನಿ ಪ್ರಸಾದರೇ ಮೊಗಲರ ಕಾಲದ ಪಾರಸಿ ಚರಿತ್ರಗ್ರಂಥಗಳ ಇಂಗ್ಲಿಷ್ ಅನುವಾದಗಳನ್ನು ಪರಿಷ್ಕರಿಸಿ ಪೂರ್ಣಗೊಳಿಸಿದರೆಂದು ತಿಳಿದಾಗ, ಒಂದು ಶಾಸ್ತ್ರವನ್ನು ಓದಿದವನು ಇನ್ನೊಂದಕ್ಕೆ ಬೆನ್ನು ತಿರುಗಿಸಬೇಕಿಲ್ಲವೆಂಬ ಮಾತು ನಮಗೆ ಮತ್ತೆ ದೃಢವಾಯಿತು. ಅವರ ತರುವಾಯ ಅದೇ ಸಂಸ್ಥೆಯ ಎನ್.ವಿ. ಸುಬ್ಬರಾವ್ ಅವರು ಭಾರತದ ಸಿಹಿನೀರಿನ ಮೃದ್ವಂಗಿಗಳ ಕೈಪಿಡಿಯನ್ನು ೧೯೮೯ರಲ್ಲಿ ಹೊರತಂದರು. ಯಾವ ಕೆರೆಯ ಚಿಪ್ಪನ್ನಾದರೂ ಕೈಯಲ್ಲಿ ಹಿಡಿದು ಅದರ ಹೆಸರನ್ನು ತಿಳಿಯಲು ಹೊರಟವನಿಗೆ ಇಂದಿಗೂ ಮೊದಲ ಆಸರೆ ಆ ಗ್ರಂಥ.

ಈ ಪರಂಪರೆಯ ಒಂದು ಕವಲು ಕನ್ನಡನಾಡಿನದೇ. ಭದ್ರಾನದಿಯಲ್ಲಿ ರಭಸದ ನೀರಿನ ನಡುವೆ ಬಂಡೆಗೆ ತನ್ನ ಒಂದು ಚಿಪ್ಪನ್ನು ಗಾರೆ ಮೆತ್ತಿದಂತೆ ಅಂಟಿಸಿಕೊಂಡು ಬದುಕುವ ಒಂದು ವಿಚಿತ್ರ ಕಪ್ಪೆಚಿಪ್ಪು ಇದೆ. ಮೈಸೂರು ಸೀಮೆಯಿಂದ ಹೋದ ಮಾದರಿಗಳನ್ನು ನೋಡಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಎಡ್ಗರ್ ಸ್ಮಿತ್ ೧೮೯೮ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಈಗ ಅದಕ್ಕೆ ಸೂಡೋಮುಲ್ಲೇರಿಯಾ ಡಾಲಿ ಎಂದು ಹೆಸರು. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ನದಿಯಲ್ಲಿಯೂ ಹೀಗೆಯೇ ಬಂಡೆಗಂಟುವ ಚಿಪ್ಪೊಂದುಂಟು. ಎರಡೂ ಒಂದೇ ಕುಲವೆಂದು ಮೊದಲು ಭಾವಿಸಿದ್ದರು. ಬೇರೆ ಬೇರೆ ವಂಶಗಳು ಒಂದೇ ಬಗೆಯ ಬದುಕಿನಿಂದ ಒಂದೇ ರೂಪ ತಾಳಿದ್ದಿರಬೇಕೆಂದು ಬೈನಿ ಪ್ರಸಾದರು ೧೯೩೧ರಲ್ಲಿ ವಾದಿಸಿದರು. ೨೦೦೦ದ ಹೊತ್ತಿಗೆ ವಂಶವಾಹಿಗಳ ಪರೀಕ್ಷೆಯೂ ಅದನ್ನೇ ಸಮರ್ಥಿಸಿತು. ಇನ್ನೊಂದು ಚಿಪ್ಪು ಕೃಷ್ಣಾನದಿಯ ಜಲಾನಯನದ್ದು. ೧೮೯೪ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾದ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರನ್ನು ಅದು ಹೊತ್ತಿದೆ.

ನೂರು ವರ್ಷಗಳಾದ ಮೇಲೆ ಈ ಎರಡೂ ಚಿಪ್ಪುಗಳನ್ನು ಹುಡುಕಿಕೊಂಡು ತುಂಗೆಗೆ ಇಳಿದವರು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಮೃದ್ವಂಗಿ ಅಧ್ಯಯನ ಕೇಂದ್ರದ ಎನ್.ಎ. ಮಧ್ಯಸ್ಥರು ಮತ್ತು ಅವರ ಸಹೋದ್ಯೋಗಿಗಳು. ೨೦೦೬ರಲ್ಲಿ ಆ ಕುರಿತು ಅವರ ಬರಹ ಪ್ರಕಟವಾಯಿತು. ದೊಡ್ಡ ಪ್ರಯೋಗಾಲಯಗಳಿಂದ ದೂರದಲ್ಲಿ, ಕಾಲೇಜಿನ ಆಸರೆಯಲ್ಲಿಯೇ ಮೃದ್ವಂಗಿಗಳ ಶಾಸ್ತ್ರವನ್ನು ಬೆಳೆಸಿದ ಮಧ್ಯಸ್ಥರಂತಹವರ ವೃತ್ತಿಜೀವನವನ್ನು ನೆನೆದಾಗ ನಮಗೆ ಗೌರವವುಂಟಾಗುತ್ತದೆ. ೧೯೯೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಏಟ್ರೀ ಎಂಬ ಪರಿಸರ ಸಂಶೋಧನ ಸಂಸ್ಥೆಯ ಎನ್.ಎ. ಅರವಿಂದ ಅವರೂ ಇದೇ ಹಾದಿಯಲ್ಲಿ ನಡೆದವರು. ಇವರಿಬ್ಬರೂ ಲಂಡನ್ನಿನ ಡೇವಿಡ್ ರೀಡ್ ಎಂಬ ವಿದ್ವಾಂಸರೊಡನೆ ಕೂಡಿ ೨೦೧೩ರಲ್ಲಿ ಕ್ರೆಮ್ನೋಕಾಂಕಸ್ ಎಂಬ ಪುಟ್ಟ ಬಸವನಹುಳುವಿನ ಕುಲವನ್ನು ವಿವರಿಸಿದರು. ಸಮುದ್ರತೀರದ ಬಂಡೆಗಳಿಗೆ ಅಂಟಿ ಬದುಕುವ ವಂಶಕ್ಕೆ ಸೇರಿದ ಈ ಹುಳು ಎಂದೋ ಘಟ್ಟವನ್ನೇರಿ, ಜಲಪಾತಗಳ ಒದ್ದೆಗಲ್ಲನ್ನೇ ಮನೆ ಮಾಡಿಕೊಂಡಿದೆ. ಅವರು ಹೊಸದಾಗಿ ಹೆಸರಿಟ್ಟ ಪ್ರಭೇದಗಳಲ್ಲಿ ಒಂದಕ್ಕೆ ನಮ್ಮ ಆಗುಂಬೆಯ ಹೆಸರೇ ಇದೆ.

೨೦೧೧ರಲ್ಲಿ ಪಶ್ಚಿಮಘಟ್ಟದ ಸಿಹಿನೀರಿನ ಜೀವಿಗಳನ್ನು ಕುರಿತು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಪ್ರಕಟಿಸಿದ ವರದಿಯ ಮೃದ್ವಂಗಿಗಳ ಅಧ್ಯಾಯದಲ್ಲಿಯೂ ಈ ವಿದ್ವಾಂಸರ ಶ್ರಮವಿದೆ. ೭೭ ಪ್ರಭೇದಗಳ ಸ್ಥಿತಿಗತಿಗಳನ್ನು ಅಲ್ಲಿ ಪರಿಶೀಲಿಸಲಾಯಿತು. ಭದ್ರೆಯ ಅಂಟುಚಿಪ್ಪೂ ಫೂಟರ ಹೆಸರಿನ ಚಿಪ್ಪೂ ಅಳಿವಿನ ಅಪಾಯದಲ್ಲಿವೆಯೆಂದು ಪಟ್ಟಿಯಾದವು. ಅಣೆಕಟ್ಟು ನೀರಿನ ಓಟವನ್ನು ನಿಲ್ಲಿಸಿತು, ಮರಳು ತೆಗೆಯುವವರು ನದಿಯ ಹಾಸಿಗೆಯನ್ನೇ ಹೊತ್ತೊಯ್ದರು. ೨೦೦೫ರ ಕೊನೆಗೆ ನಿಲ್ಲುವವರೆಗೂ ಕುದುರೆಮುಖದ ಗಣಿಯ ಕೆಮ್ಮಣ್ಣು ಮಳೆಗಾಲದಲ್ಲಿ ಭದ್ರೆಗಿಳಿಯುತ್ತಿತ್ತು. ಹುಲಿ ಅಳಿಯುತ್ತಿದೆಯೆಂದರೆ ನಾಡೇ ಕೇಳಿಸಿಕೊಳ್ಳುತ್ತದೆ. ಬಂಡೆಗಂಟಿದ ಚಿಪ್ಪು ಅಳಿಯುತ್ತಿದೆಯೆಂದು ಹೇಳಲು ಮೊದಲು ಅದು ಇತ್ತೆಂಬುದನ್ನು ಬಲ್ಲ ಒಬ್ಬನಾದರೂ ಬೇಕು. ಹೆಸರಿಡುವವರ ಕಾಯಕದ ಮಹತ್ವ ಇಲ್ಲಿದೆ.

೨೦೧೬ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ ಸುದ್ದಿ ಬಂದಾಗ, ಮೇಷ್ಟ್ರು ಗಮನಿಸುವ ರೀತಿಯನ್ನು ಕಾಣಬೇಕೆಂದು ನಾವೂ ಅವರೊಡನೆ ಹೋದೆವು. ಜನರೆಲ್ಲ ಮೀನನ್ನು ನೋಡುತ್ತಿದ್ದರು. ಅವರು ಕಲ್ಲುಕಟ್ಟಡದ ಸಂದಿಯಲ್ಲಿ ಕೈಯಾಡಿಸಿ ನಾಲ್ಕಾರು ಸಣ್ಣ 'ಹುಳು'ಗಳನ್ನು ತೆಗೆದರು. ಫೈಸಾ ಎಂಬ ಅದು ಉತ್ತರ ಅಮೆರಿಕದಿಂದ ಲೋಕವನ್ನೆಲ್ಲ ಹಬ್ಬಿದ ಹುಳುವಂತೆ. ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲದ್ದರಿಂದ ಪ್ರಾಣವಾಯು ಕುಂದಿದ ಚರಂಡಿನೀರಿನಲ್ಲಿಯೂ ಬದುಕುತ್ತದೆ. ಕಿವಿರನ್ನೇ ನಂಬಿದ ಕಪ್ಪೆಚಿಪ್ಪು ಅಲ್ಲಿ ಬದುಕಲಾರದು. "ಮೀನು ಇವತ್ತು ಸತ್ತದ್ದು ಬುದ್ಧಿ, ಚಿಪ್ಪು ಯಾವತ್ತೋ ಹೋಯಿತು. ಅದು ಹೋದ ದಿನ ಪತ್ರಿಕೆಯವರು ಯಾರೂ ಬರಲಿಲ್ಲ" ಎಂದರು. ತಾವು ವಿದ್ಯಾರ್ಥಿಯಾಗಿದ್ದಾಗ ಹುಳು ಹೆಕ್ಕುತ್ತಿದ್ದ ಜಾಗವನ್ನೂ ತೋರಿಸಿದರು. ಹಲಸೂರಿನ ಹೆಚ್ಚುವರಿ ನೀರು ಬೆಳ್ಳಂದೂರಿಗೂ, ಅಲ್ಲಿಂದ ವರ್ತೂರಿಗೂ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುವ ದಾರಿಯದು. ಬೆಳ್ಳಂದೂರು ಕೆರೆ ೨೦೧೫ರಿಂದೀಚೆಗೆ ನೊರೆಯುಗುಳಿದುದನ್ನೂ, ನೀರಿನ ಕೆರೆಗೆ ಬೆಂಕಿ ಬಿದ್ದುದನ್ನೂ ಭಕ್ತರೆಲ್ಲ ಬಲ್ಲರು.

ಹಿಂದಿರುಗುವಾಗ ಹೊಸಕೋಟೆ ರಸ್ತೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಏರಿಯ ಮೇಲೆ ನಿಂತೆವು. ವೀಳ್ಯದೆಲೆಯ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಜನರ ನೀರಿಗಾಗಿ ಸುರಿದ ಪುಣ್ಯಾತ್ಮನ ಹೆಸರು ಅದಕ್ಕೆ. ಎಲೆಗೆ ಸುಣ್ಣ ಬೇಕು. ಚಿಪ್ಪನ್ನು ಸುಟ್ಟೂ ಸುಣ್ಣ ಮಾಡುತ್ತಿದ್ದರು. ಎಲೆಯ ವ್ಯಾಪಾರಿ ಕಟ್ಟಿಸಿದ ಕೆರೆ ಚಿಪ್ಪಿಗೆ ಮನೆಯಾಯಿತು ಎಂದು ಮೇಷ್ಟ್ರು ನಕ್ಕರು. ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ ಸಿದ್ಧರಾಮೇಶ್ವರರನ್ನೂ, ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನವರನ್ನೂ ನಾವು ನೆನೆದೆವು. ಅವರಿಗೆ ಕೆರೆಯೆಂದರೆ ಬರಿಯ ನೀರಿನ ತೊಟ್ಟಿಯಾಗಿರಲಿಲ್ಲ. ಹುಲ್ಲು, ಕೆಸರು, ಮೀನು, ಹಕ್ಕಿ ಎಲ್ಲವೂ ಕೂಡಿದ್ದೇ ಕೆರೆ.

ಈ ವಿಷಯವನ್ನು ಪ್ರವಚನವೊಂದರಲ್ಲಿ ಪ್ರಸ್ತಾಪಿಸಿದಾಗ ಇಂದಿರಾನಗರದ ಭಕ್ತರೊಬ್ಬರು ಎದ್ದು, "ಮಳೆಗಾಲದಲ್ಲಿ ನಮ್ಮ ತೋಟವನ್ನೆಲ್ಲ ಬಸವನಹುಳು ತಿಂದು ಹಾಕುತ್ತದೆ, ಅದನ್ನೂ ಕಾಪಾಡಬೇಕೆ ಸ್ವಾಮೀಜಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರು ಹೇಳಿದ್ದು ನೆಲದ ಮೇಲಿನ ಆಫ್ರಿಕದ ದೈತ್ಯ ಹುಳು. ೧೮೪೭ರಲ್ಲಿ ಬೆನ್ಸನ್ ಎಂಬ ಆಂಗ್ಲ ಅಧಿಕಾರಿ ಕಲ್ಕತ್ತೆಗೆ ತಂದು ಬಿಟ್ಟದ್ದು ದೇಶವನ್ನೆಲ್ಲ ಹಬ್ಬಿತು. ಆತನೂ ಚಿಪ್ಪುಗಳ ಶಾಸ್ತ್ರವನ್ನು ಬಲ್ಲವನೇ. ಒಂದು ಕ್ಷಣದ ಕುತೂಹಲ ಎಷ್ಟು ದೂರ ಹರಿಯಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ಕೆರೆಯ ಹುಳುಗಳಲ್ಲಿಯೂ ಎಲ್ಲವೂ ನಿರಪಾಯಕರವಲ್ಲ. ಕುರಿದನಗಳ ಪಿತ್ತಜನಕಾಂಗವನ್ನು ಹಿಡಿಯುವ ಚಪ್ಪಟೆಹುಳು ತನ್ನ ಬಾಳಿನ ಒಂದು ಘಟ್ಟವನ್ನು ಲಿಮ್ನಿಯಾ ಜಾತಿಯ ಬಸವನಹುಳುವಿನೊಳಗೆ ಕಳೆಯುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ತಡೆಯಬೇಕೆಂಬ ವಿವೇಕ ಬರುವುದು ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಗುರುತಿಸಬಲ್ಲವನಿಗೆ. ಬಸವಾದಿ ಶರಣರು ದಯೆಯನ್ನು ಧರ್ಮದಿಂದ ಅಗಲಿಸಲಿಲ್ಲ, ಅರಿವನ್ನೂ ಅಗಲಿಸಲಿಲ್ಲ. ನಾವು ಕಲ್ಯಾಣಿಯಲ್ಲಿ ತೋರಿದ್ದು ಅರಿವಿಲ್ಲದ ಶ್ರದ್ಧೆ.

ಒಮ್ಮೆ ಧೈರ್ಯ ಮಾಡಿ ವಿದ್ಯಾರ್ಥಿನಿಲಯದ ಹಳೆಯ ಸಂಗತಿಯನ್ನು ಎತ್ತಿ, ಅಂದು ತಪ್ಪು ಮಾಡಿದೆವೆಂದು ಮೇಷ್ಟ್ರಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ಹುಳುಗಳನ್ನು ಕೊಂದದ್ದು ನನಗೂ ನೋವೇ ಬುದ್ಧಿ. ಈಗ ನನ್ನ ವಿದ್ಯಾರ್ಥಿಗಳಿಗೆ ಕೊಯ್ಯಲು ಬಿಡುವುದಿಲ್ಲ, ಕೆರೆಗೇ ಕರೆದೊಯ್ದು ಎಣಿಸಿ ಅಲ್ಲಿಯೇ ಬಿಡಿಸುತ್ತೇನೆ. ಆದರೆ ಅವತ್ತು ಪಂಕ್ತಿಯಲ್ಲಿ ಕೂರಿಸದೇ ಇದ್ದದ್ದು..." ಎಂದು ನಿಲ್ಲಿಸಿದರು. ಉಳಿದುದನ್ನು ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅಂದು ಮಧ್ಯಾಹ್ನ ಪ್ರಸಾದಕ್ಕೆ ಅವರನ್ನು ನಮ್ಮ ಪಕ್ಕದಲ್ಲಿಯೇ ಕೂರಿಸಿಕೊಂಡೆವು.

ಕಲ್ಯಾಣಿಯ ಈಗಿನ ಸ್ಥಿತಿಯನ್ನು ಹೇಳಿ ಮುಗಿಸುತ್ತೇವೆ. ಮೇಷ್ಟ್ರ ಸಲಹೆಯಂತೆ ಪೂರ್ವದ ಒಂದು ಬದಿಯ ಸಿಮೆಂಟನ್ನು ಕೀಳಿಸಿ ಮಣ್ಣಿನ ಇಳಿಜಾರು ಮಾಡಿಸಿದೆವು. ಬ್ಲೀಚಿಂಗ್ ಪುಡಿಯನ್ನು ನಿಷೇಧಿಸಿದೆವು. ಮಾಳಿಗೆಯ ಮಳೆನೀರನ್ನು ಅದಕ್ಕೆ ತಿರುಗಿಸಿದೆವು. ಹತ್ತಿರದ ಕೆರೆಯ ನೀರುಗಿಡಗಳನ್ನೂ ಸಣ್ಣ ಮೀನುಗಳನ್ನೂ ಅವರೇ ಪರೀಕ್ಷಿಸಿ ತಂದು ಬಿಟ್ಟರು. ಮೂರನೆಯ ವರ್ಷ ಗಿಡಗಳ ಬೇರಿನಲ್ಲಿ ಸಣ್ಣ ಬಸವನಹುಳುಗಳು ಕಾಣಿಸಿದವು. ಆರನೆಯ ವರ್ಷದ ಮಳೆಗಾಲದಲ್ಲಿ ಮಣ್ಣಿನ ದಡದ ಗುಳಿಯೊಂದರಲ್ಲಿ ಪೈಲಾದ ಬಿಳಿಯ ತತ್ತಿಗಳಿದ್ದವು. ಮಠದ ಮಕ್ಕಳು ಓಡಿಬಂದು ನಮ್ಮನ್ನು ಕರೆದೊಯ್ದು ತೋರಿಸಿದರು. ಪಾಚಿ ಕಡಿಮೆಯಾಗಿದೆ, ವಾಸನೆಯಿಲ್ಲ. ಶಿವರಾತ್ರಿಯಂದು ತಳದ ಕಲ್ಲು ಕಾಣುವಷ್ಟು ತಿಳಿಯಾಗಿಲ್ಲ, ಕಾಣಬೇಕಾಗಿಯೂ ಇಲ್ಲ.

ಕಪ್ಪೆಚಿಪ್ಪು ಮಾತ್ರ ಇನ್ನೂ ಮರಳಿಲ್ಲ. ಮರಿಗಳನ್ನು ಹೊತ್ತು ತರುವ ಮೀನು ಬರಬೇಕಾದ ಕಾಲುವೆ ಈಗ ಮನೆಗಳ ಅಡಿಯಲ್ಲಿದೆ. ಬೇರೆಲ್ಲಿಂದಲೋ ತಂದು ಬಿಡೋಣವೆಂದು ಭಕ್ತರು ಸೂಚಿಸಿದರು. ಯಾವ ನೀರಿನ ಚಿಪ್ಪು, ಯಾವ ಮೀನಿಗೆ ಒಗ್ಗಿದ್ದು ಎಂದು ತಿಳಿಯದೆ ತರುವುದು ಬೇಡವೆಂದು ಮೇಷ್ಟ್ರು ತಡೆದಿದ್ದಾರೆ. ಮೊದಲಾಗಿದ್ದರೆ ನಾವು ಅವಸರಪಡುತ್ತಿದ್ದೆವು. ಈಗ ಕಾಯುತ್ತಿದ್ದೇವೆ. ಬೆಳಗಿನ ಶಿವಪೂಜೆ ಮುಗಿಸಿ ಮಣ್ಣಿನ ದಡದ ಬಳಿ ಸ್ವಲ್ಪ ಹೊತ್ತು ನಿಂತು ಕೆಸರನ್ನು ನೋಡುವುದು ನಮ್ಮ ನಿತ್ಯವಿಧಿಗಳಲ್ಲಿ ಸೇರಿದೆ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ಊರ ಕೆರೆಯನ್ನೋ ಗುಡಿಯ ಕಲ್ಯಾಣಿಯನ್ನೋ ಶುದ್ಧಿಗೊಳಿಸುವ ಪುಣ್ಯಕಾರ್ಯಕ್ಕೆ ಕೈಹಾಕುವ ಮುನ್ನ ಅಲ್ಲಿ ವಾಸವಿರುವವರು ಯಾರೆಂದು ಬಲ್ಲವರನ್ನು ಕೇಳಿರಿ. ಹೂಳನ್ನು ಒಂದೇ ಸಲ ತೆಗೆಯದೆ ಭಾಗ ಭಾಗವಾಗಿ ತೆಗೆಯಿರಿ. ತೆಗೆದ ಹೂಳನ್ನು ಒಂದು ದಿನ ದಡದಲ್ಲಿಯೇ ಬಿಟ್ಟು, ಜೀವವಿರುವ ಚಿಪ್ಪುಗಳನ್ನು ಮಕ್ಕಳ ಕೈಯಿಂದ ಆರಿಸಿ ನೀರಿಗೆ ಮರಳಿಸಿರಿ. ಒಂದು ಬದಿಯನ್ನಾದರೂ ಮಣ್ಣಾಗಿ ಉಳಿಸಿರಿ. ನಿಮ್ಮ ಮನೆಯ ಮಗನೋ ಮಗಳೋ ಹುಳುವಿನ ಶಾಸ್ತ್ರ ಓದುತ್ತೇನೆಂದರೆ ಅದರಿಂದ ಹೊಟ್ಟೆ ತುಂಬುವುದೇ ಎಂದು ಹೀಗಳೆಯದಿರಿ. ಅದೂ ಕಾಯಕ, ಅದಕ್ಕೂ ಪಂಕ್ತಿಯಲ್ಲಿ ಸ್ಥಾನವುಂಟು.